ಅರ್ಕಾವತಿಯನ್ನು ಎರಡು ಸಲ ನಂಬಿದ ಊರು

ಬೇಸಿಗೆಯಲ್ಲಿ ನಮ್ಮ ಬೀದಿಗೆ ಟ್ಯಾಂಕರ್ ಬಂದಾಗ ಬಕೆಟ್ ಹಿಡಿದು ನಿಲ್ಲೋರಲ್ಲಿ ನಾನೂ ಒಬ್ಬ. ಅಲ್ಲಿ ನಿಂತೇ ಹುಟ್ಟಿದ್ದು ಈ ಎಪಿಸೋಡ್: ದೊಡ್ಡ ಹೊಳೆಯೇ ಇಲ್ಲದ ಕಡೆ ಬೆಂಗಳೂರು ಇಷ್ಟು ಬೆಳೆದಿದ್ದು ಹೇಗೆ?

ಈ ಊರು ಇರೋದು ಸುಮಾರು 900 ಮೀಟರ್ ಎತ್ತರದ ದಿಣ್ಣೆ ಮೇಲೆ. ಬಿದ್ದ ಮಳೆ ನಾಲ್ಕೂ ಕಡೆ ಇಳಿದು ಹೋಗುತ್ತೆ. ಅದಕ್ಕೇ ಹಿಂದಿನವರು ಸಾಲಾಗಿ ಕೆರೆ ಕಟ್ಟಿದರು. ಮೇಲಿನದು ಕೋಡಿ ಹರಿದರೆ ಕೆಳಗಿನದಕ್ಕೆ ನೀರು. ಆದರೆ 1876–78ರಲ್ಲಿ ಮಳೆಯೇ ಕೈಕೊಟ್ಟಿತು. ಆ ಬರಗಾಲದಲ್ಲಿ ಮೈಸೂರು ಸಂಸ್ಥಾನದ ಐದರಲ್ಲಿ ಒಂದು ಪಾಲು ಜನ ತೀರಿಹೋದರು ಅನ್ನೋ ಅಂದಾಜಿದೆ.

ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿಯ ಹೆಸರಘಟ್ಟದ ಯೋಜನೆ ಶುರುವಾಯ್ತು. 1896ರ ಹೊತ್ತಿಗೆ ಕೊಳವೆಯಲ್ಲಿ ನೀರು ಊರಿಗೆ ಬಂತು, ಸೋಲದೇವನಹಳ್ಳಿಯಿಂದ ಉಗಿಯಂತ್ರ ಮೇಲೆತ್ತಿದ ನೀರು. ಎರಡೇ ವರ್ಷಕ್ಕೆ ಪ್ಲೇಗ್ ಬಂದು, ಪೇಟೆಯ ಇಕ್ಕಟ್ಟಿನಿಂದ ಜನ ಮಲ್ಲೇಶ್ವರ, ಬಸವನಗುಡಿ ಕಡೆ ಹೊರಟರು.

ಮನೆ ಹತ್ತಿರ ನಲ್ಲಿ ಬಂದ ಮೇಲೆ ಕೆರೆ ಯಾರಿಗೆ ಬೇಕು ಹೇಳಿ? ಪೇಟೆಗೆ ನೀರು ಕೊಟ್ಟ ಧರ್ಮಾಂಬುಧಿ ಬತ್ತಿತು. ನಾವು ಮೆಜೆಸ್ಟಿಕ್‌ನಲ್ಲಿ ಬಸ್ಸಿಗೆ ಕಾಯೋದು ಅದರ ಅಂಗಳದಲ್ಲೇ.

1920ರ ದಶಕದಲ್ಲಿ ಹೆಸರಘಟ್ಟವೂ ಒಣಗಿತು. ಆಗ ಏನು ಮಾಡಿದರು? ಅದೇ ಅರ್ಕಾವತಿಗೆ, ಕೆಳಗಡೆ ತಿಪ್ಪಗೊಂಡನಹಳ್ಳಿಯಲ್ಲಿ, 1933ರಲ್ಲಿ ಇನ್ನೊಂದು ಅಣೆಕಟ್ಟು. ಕುಮುದ್ವತಿಯೂ ಅಲ್ಲಿ ಸೇರುತ್ತೆ, ನಿಜ. ಆದರೂ ಕೈಕೊಟ್ಟ ಸಾಲಗಾರನಿಗೇ ಮತ್ತೆ ಸಾಲ ಕೊಟ್ಟ ಹಾಗೆ ಅಂತ ನನಗನ್ನಿಸುತ್ತೆ. ಬಿ.ಕಾಂ. ಬುದ್ಧಿ, ಬಿಡಿ.

1974ರಲ್ಲಿ ಕಾವೇರಿ ಬಂತು. ಇಲ್ಲಿದೆ ನೋಡಿ ಲೆಕ್ಕ. ಸುಮಾರು 100 ಕಿಲೋಮೀಟರ್ ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿ ಅಂತ ಮೂರು ಹಂತದಲ್ಲಿ, ಒಟ್ಟು 500 ಮೀಟರಿನಷ್ಟು ಎತ್ತಬೇಕು. ಹಾಗಾಗಿ ಜಲಮಂಡಳಿಗೆ ದೊಡ್ಡ ಖರ್ಚು ಅಂದ್ರೆ ಕರೆಂಟ್ ಬಿಲ್. ಕೆರೆ ನೀರು ತಾನಾಗೇ ಇಳಿದು ಬರ್ತಿತ್ತು. ಕಾವೇರಿ ನೀರಿನ ಒಂದೊಂದು ಬಿಂದಿಗೆಯೂ ಬೆಟ್ಟ ಹತ್ತಿ ಬರಬೇಕು.

2007ರಲ್ಲಿ ಪಾಲಿಕೆಗೆ ಸೇರಿದ 110 ಹಳ್ಳಿಗಳಿಗೆ ಅಂತ ಕಾವೇರಿ ಐದನೇ ಹಂತ ಉದ್ಘಾಟನೆಯಾಗಿದ್ದು 2024ರ ಅಕ್ಟೋಬರ್‌ನಲ್ಲಿ, 17 ವರ್ಷ ಬಿಟ್ಟು. ನಮ್ಮ ಬೀದಿಯೂ ಅಂಥದೇ ಒಂದು ಹಳ್ಳಿಯದ್ದು. ಪೈಪ್ ಹಾಕಿದ್ದಾರೆ. ಕನೆಕ್ಷನ್ ಶುಲ್ಕ ಜಾಸ್ತಿಯಾಯ್ತು ಅಂತ ನಮ್ಮ ಓನರ್ ಇನ್ನೂ ಅರ್ಜಿ ಹಾಕಿಲ್ಲ. ಟ್ಯಾಂಕರ್ ಮಾತ್ರ ವಾರಕ್ಕೆ ಎರಡು ಸಲ ಬರ್ತಾ ಇದೆ.