ಯಾದಗಿರಿ–ಶಹಾಪುರ–ಸುರಪುರ ಸೀಮೆ ಮತ್ತು ದವಡೆಯ ಸೌಮ್ಯ ಗಡ್ಡೆಗಳ ನಿದಾನ: ಒಂದು ಚಾರಿತ್ರಿಕ ಅವಲೋಕನ

ಯಾದಗಿರಿ, ಶಹಾಪುರ, ಸುರಪುರ ಸೀಮೆಯ ಚರಿತ್ರೆಯನ್ನು ಶಾಸನ, ಕೋಟೆ ಮತ್ತು ನಾಯಕ ಅರಸುಮನೆತನದ ನೆಲೆಯಿಂದ ವಿದ್ವಾಂಸರು ವಿವೇಚಿಸಿದ್ದಾರೆ. ಈ ಭಾಗದ ರೋಗಗಳ ಚರಿತ್ರೆಯತ್ತ ಅಷ್ಟು ಲಕ್ಷ್ಯ ಹರಿದಿಲ್ಲ. ಪ್ಲೇಗು, ಕಾಲರಾಗಳು ಸಾಮೂಹಿಕ ಮರಣವನ್ನು ತಂದುದರಿಂದ ಆಡಳಿತದ ಕಡತಗಳನ್ನು ಸೇರಿದವು. ಒಬ್ಬೊಬ್ಬರನ್ನೇ ಹಿಡಿದು, ಕೊಲ್ಲದೆ, ವರ್ಷಗಟ್ಟಲೆ ಬೆಳೆದು ಮುಖದ ಆಕಾರವನ್ನು ಕೆಡಿಸುವ ದವಡೆಯ ಸೌಮ್ಯ ಗಡ್ಡೆಗಳಿಗೆ ಆ ಭಾಗ್ಯವಿರಲಿಲ್ಲ. ಅವುಗಳ ಚರಿತ್ರೆಯನ್ನು ಬರೆಯಬೇಕಾದರೆ ಆಕರಗಳನ್ನು ಎಲ್ಲಿ ಅರಸಬೇಕು, ಹೇಗೆ ಓದಬೇಕು ಎಂಬುದು ಪ್ರಸ್ತುತ ಲೇಖನದ ವಿಷಯ.

ನಿದಾನವೆಂಬ ಶಬ್ದವೇ ಆಯುರ್ವೇದದಿಂದ ಬಂದುದು. ಸುಶ್ರುತ ಸಂಹಿತೆಯ ನಿದಾನಸ್ಥಾನವು 65 ಮುಖರೋಗಗಳನ್ನು ಎಣಿಸುತ್ತದೆ. ಮೆಲ್ಲಗೆ ಬೆಳೆಯುವ, ಗಟ್ಟಿಯಾದ, ಹೆಚ್ಚು ನೋಯದ, ಕೀವುಗೂಡದ ಗಂಟನ್ನು ಅದು ಅರ್ಬುದವೆಂದು ಬೇರ್ಪಡಿಸುತ್ತದೆ. ಇಂದಿನ ದಂತವೈದ್ಯನೂ ದವಡೆಯ ಬಾವನ್ನು ಕಂಡೊಡನೆ ಕೇಳುವುದು ಇದೇ ಪ್ರಶ್ನೆಗಳನ್ನು: ನೋವುಂಟೆ, ಕೀವುಂಟೆ, ಎಷ್ಟು ದಿನದಿಂದ? ಆದರೆ ಎಲುಬಿನೊಳಗೆ ನಡೆದಿರುವುದನ್ನು ಕಣ್ಣು, ಬೆರಳುಗಳಿಂದ ಅರಿಯಲಾಗದು. ಅದಕ್ಕೆ 1895ರಲ್ಲಿ ರಾಂಟ್‌ಜೆನ್ ಕಂಡುಹಿಡಿದ ಕ್ಷ-ಕಿರಣದ ಚಿತ್ರವೂ, ಸೂಕ್ಷ್ಮದರ್ಶಕದ ಕೆಳಗಿನ ಅಂಗಾಂಶದ ತುಣುಕೂ ಬೇಕಾದವು.

ಇವೆರಡೂ ಬಹುಕಾಲ ಈ ಸೀಮೆಗೆ ದೂರದ ವಸ್ತುಗಳಾಗಿದ್ದವು. 1858ರಲ್ಲಿ ರಾಜಾ ವೆಂಕಟಪ್ಪ ನಾಯಕನ ಅಂತ್ಯವಾಯಿತು. ಸ್ವಲ್ಪಕಾಲ ಬ್ರಿಟಿಷರ ಆಡಳಿತದಲ್ಲಿದ್ದ ಸುರಪುರವು 1860ರ ಒಡಂಬಡಿಕೆಯಂತೆ ನಿಜಾಮನ ವಶವಾಯಿತು. ಆಧುನಿಕ ವೈದ್ಯಶಿಕ್ಷಣವು 1846ರಿಂದ ಹೈದರಾಬಾದಿನಲ್ಲಿತ್ತು. ಮುಂಬಯಿ–ಮದ್ರಾಸು ರೈಲುಮಾರ್ಗವು 1871ರಲ್ಲಿ ರಾಯಚೂರಿನಲ್ಲಿ ಕೂಡಿದಾಗ ಯಾದಗಿರಿಗೆ ನಿಲ್ದಾಣ ದಕ್ಕಿತು. 1874ರಲ್ಲಿ ವಾಡಿಯಿಂದ ಹೈದರಾಬಾದಿನ ಕಡೆಗೆ ದಾರಿ ತೆರೆಯಿತು. ಶಹಾಪುರ, ಸುರಪುರಗಳಿಗೆ ಈ ಅನುಕೂಲವಿರಲಿಲ್ಲ. ನೋಯದ ಗಂಟಿಗಾಗಿ ಭೀಮೆಯನ್ನು ದಾಟಿ, ಯಾದಗಿರಿಯಲ್ಲಿ ಗಾಡಿ ಹತ್ತಿ, ಪರಭಾಷೆಯ ನಗರದ ದವಾಖಾನೆಗೆ ಹೋಗುವವರು ವಿರಳವೆಂದು ಊಹಿಸುವುದು ತಪ್ಪಾಗದು. ನೋವಿಲ್ಲದಿರುವಿಕೆಯೇ ಈ ರೋಗದ ವಂಚನೆ. 1956ರಲ್ಲಿ ಸೀಮೆಯು ಮೈಸೂರು ರಾಜ್ಯಕ್ಕೆ ಸೇರಿತು. 1963ರಲ್ಲಿ ಗುಲ್ಬರ್ಗದಲ್ಲಿ ವೈದ್ಯಕೀಯ ಮಹಾವಿದ್ಯಾಲಯವೂ, 1980ರ ದಶಕದಲ್ಲಿ ದಂತವೈದ್ಯಕೀಯ ಮಹಾವಿದ್ಯಾಲಯಗಳೂ ಬಂದ ಮೇಲೆ ದೂರ ಕಡಿಮೆಯಾಯಿತು.

ದೂರ ಕಡಿಮೆಯಾದರೂ ಹೆಸರಿನ ತೊಡಕು ಉಳಿಯಿತು. ಎನಾಮಲ್ ಕಟ್ಟುವ ಅಂಗಾಂಶಕ್ಕೆ ಸಂಬಂಧಿಸಿದ ಗಡ್ಡೆಗೆ 1885ರಲ್ಲಿ ಫ್ರಾನ್ಸಿನ ಮಲಾಸೇ 'ಅಡಮಂಟಿನೋಮಾ' ಎಂಬ ಹೆಸರಿಟ್ಟನು. 1930ರಿಂದ ಅದು ಅಮೆಲೋಬ್ಲಾಸ್ಟೋಮಾ ಆಯಿತು. ಹೆಚ್ಚಾಗಿ ಕೆಳದವಡೆಯ ಹಿಂಭಾಗದಲ್ಲಿ ಕಾಣುವ ಇದು ಕ್ಷ-ಕಿರಣದಲ್ಲಿ ಅನೇಕ ವೇಳೆ ಸಾಬೂನಿನ ಗುಳ್ಳೆಗಳ ಗುಂಪಿನಂತೆ ತೋರುತ್ತದೆ. ಸೌಮ್ಯವೆನಿಸಿದರೂ ಬರಿದೆ ಕೆರೆದು ತೆಗೆದರೆ ಮರುಕಳಿಸುವ ಸಂಭವ ಹೆಚ್ಚು. ಆದುದರಿಂದ ಸುತ್ತಲಿನ ಎಲುಬನ್ನೂ ಸೇರಿಸಿ ಕತ್ತರಿಸುವುದುಂಟು. ಇನ್ನೊಂದು ಅಪರೂಪದ ಗಡ್ಡೆಯುಂಟು. ಹದಿಹರೆಯದವರಲ್ಲಿ, ಅದರಲ್ಲಿಯೂ ಹುಡುಗಿಯರಲ್ಲಿ, ಮೇಲ್ದವಡೆಯ ಮುಂಭಾಗದಲ್ಲಿ, ಹೊರಬಾರದೆ ಉಳಿದ ಕೋರೆಹಲ್ಲಿನ ಸುತ್ತ ಇದು ಹೆಚ್ಚಾಗಿ ಬೆಳೆಯುತ್ತದೆ. ಕೋಶಸಹಿತ ಬಿಡಿಸಿ ತೆಗೆದರೆ ಸಾಮಾನ್ಯವಾಗಿ ಮರಳಿ ಬಾರದು. 1969ರಲ್ಲಿ ಫಿಲಿಪ್ಸೆನ್ ಮತ್ತು ಬಿರ್ನ್ ಇದಕ್ಕೆ ಅಡಿನೊಮಟಾಯ್ಡ್ ಒಡಂಟೋಜೆನಿಕ್ ಗಡ್ಡೆ ಎಂಬ ಹೆಸರನ್ನು ಸೂಚಿಸುವ ತನಕ ಇದು 'ಅಡಿನೊ-ಅಮೆಲೋಬ್ಲಾಸ್ಟೋಮಾ' ಎಂದೇ ರೂಢಿಯಲ್ಲಿತ್ತು. ಹೆಸರಿನ ಹೋಲಿಕೆಯನ್ನೇ ನಂಬಿದ ಶಸ್ತ್ರವೈದ್ಯನು ಹುಡುಗಿಯ ದವಡೆಯ ಭಾಗವನ್ನೇ ತೆಗೆದುಬಿಡುವ ಅಪಾಯವಿತ್ತು. ಪರಿಭಾಷೆಯ ಚರ್ಚೆಯನ್ನು ಒಣಪಾಂಡಿತ್ಯವೆನ್ನುವವರು ಇದನ್ನು ಗಮನಿಸಬೇಕು.

ವಿಶ್ವ ಆರೋಗ್ಯ ಸಂಸ್ಥೆಯ ಮೊದಲ ವರ್ಗೀಕರಣವನ್ನು 1971ರಲ್ಲಿ ಸಿದ್ಧಪಡಿಸಿದ ಇಬ್ಬರಲ್ಲಿ ಡೆನ್ಮಾರ್ಕಿನ ಪಿಂಡ್‌ಬೋರ್ಗ್ ಒಬ್ಬರು. 1955ರಲ್ಲಿ ಅವರು ಗುರುತಿಸಿದ ಸುಣ್ಣಗಟ್ಟುವ ಗಡ್ಡೆಯೊಂದು ಅವರ ಹೆಸರಿನಿಂದಲೂ ಪ್ರಸಿದ್ಧವಾಗಿದೆ. 1960ರ ದಶಕದಲ್ಲಿ ಅವರು ಭಾರತದ ಬಾಯಿರೋಗಗಳ ಸಮೀಕ್ಷೆಗಳಲ್ಲಿಯೂ ಭಾಗವಹಿಸಿದ್ದರು. ಆ ವರ್ಗೀಕರಣವು 1992, 2005, 2017 ಮತ್ತು 2022ರಲ್ಲಿ ಪರಿಷ್ಕೃತವಾಯಿತು. ಕೆರಾಟಿನ್ ತುಂಬಿದ ದವಡೆಯ ಕೋಶವೊಂದು 2005ರಲ್ಲಿ ಗಡ್ಡೆಯೆನಿಸಿ 2017ರಲ್ಲಿ ಮತ್ತೆ ಕೋಶವಾಯಿತು. ಆದುದರಿಂದ ಆ ನಡುವಣ ಅವಧಿಯ ದಾಖಲೆಗಳಲ್ಲಿ ಗಡ್ಡೆಗಳ ಸಂಖ್ಯೆ ಹೆಚ್ಚಿದ್ದರೆ, ರೋಗವೇ ಹೆಚ್ಚಿತೆಂದು ಭಾವಿಸಲಾಗದು.

ಸಂಶೋಧಕನು ಎದುರಿಸುವ ಇನ್ನೊಂದು ತೊಡಕು ಊರಿನದು. ಯಾದಗಿರಿಯು ಪ್ರತ್ಯೇಕ ಜಿಲ್ಲೆಯಾಗಿ 2010ರ ಹೊತ್ತಿಗೆ ಕಾರ್ಯಾರಂಭ ಮಾಡಿತು. ಅದಕ್ಕೆ ಮುಂಚಿನ ನಮೂದುಗಳಲ್ಲಿ ಸುರಪುರದ ರೋಗಿಯ ಜಿಲ್ಲೆ ಗುಲ್ಬರ್ಗ; ತಾಲ್ಲೂಕು, ಗ್ರಾಮಗಳ ಹೆಸರನ್ನು ನೋಡದೆ ಈ ಸೀಮೆಯವರನ್ನು ಬೇರ್ಪಡಿಸಲಾಗದು. ನಮೂದಿನೊಡನೆ ಚಿತ್ರವೂ ಮೇಣದ ಅಚ್ಚಿನಲ್ಲಿಟ್ಟ ಅಂಗಾಂಶವೂ ಉಳಿದಿದ್ದರೆ ಹಳೆಯ ನಿದಾನವನ್ನು ಇಂದಿನ ಮಾನದಂಡದಿಂದ ಮರುಪರಿಶೀಲಿಸಬಹುದು. ಕೇವಲ ಹೆಸರು ಉಳಿದಿದ್ದರೆ, 1969ಕ್ಕಿಂತ ಹಿಂದಿನ 'ಅಡಿನೊ-ಅಮೆಲೋಬ್ಲಾಸ್ಟೋಮಾ'ವನ್ನು ಅಮೆಲೋಬ್ಲಾಸ್ಟೋಮಾದ ಲೆಕ್ಕಕ್ಕೆ ಸೇರಿಸದೆ ಬೇರೆಯಾಗಿಯೇ ಬರೆದಿಡಬೇಕು.