ಕನ್ನಡ ಬ್ಲಾಗುಗಳು: ಕೊಂಡಿ ಗುಣ ಮತ್ತು ಬ್ರೌಸರ್ ಆಡ್‌ಆನ್‌ಗಳ ಚರಿತ್ರೆ

ಒಂದು ಜಾಲಪುಟ ಇನ್ನೊಂದಕ್ಕೆ ಕೊಡುವ ಕೊಂಡಿಯ ಹಿಂದೆ ಓದುಗರ ಕಣ್ಣಿಗೆ ಬೀಳದ ಒಂದು ಟಿಪ್ಪಣಿ ಇರಬಹುದು. ಜಾಲಪುಟಗಳನ್ನು ಬರೆಯುವ ಎಚ್‌ಟಿಎಂಎಲ್ ಭಾಷೆಯಲ್ಲಿ ಅದಕ್ಕೆ ‘ರೆಲ್’ ಗುಣ ಎನ್ನುತ್ತಾರೆ. ಕೊಂಡಿ ಕೊಟ್ಟವರಿಗೂ ಕೊಂಡಿಯಾಚೆಯ ಪುಟಕ್ಕೂ ಏನು ಸಂಬಂಧ ಎಂಬುದನ್ನು ಅದು ಸರ್ಚ್ ಎಂಜಿನ್‌ಗೆ ತಿಳಿಸುತ್ತದೆ. ಈ ಟಿಪ್ಪಣಿಯನ್ನು ಪರದೆಯ ಮೇಲೆ ಬಣ್ಣ ಹಚ್ಚಿ ತೋರಿಸುವುದು ಬ್ರೌಸರಿಗೆ ಸೇರಿಸಿಕೊಳ್ಳುವ ಸಣ್ಣ ತಂತ್ರಾಂಶಗಳಾದ ಆಡ್‌ಆನ್‌ಗಳಲ್ಲಿ ಕೆಲವುಗಳ ಕೆಲಸ. ತಮ್ಮ ಬರಹ ಹುಡುಕಾಟದಲ್ಲಿ ಮೇಲೆ ಬರಲಿ ಎಂದು ಬಯಸುವ ಬ್ಲಾಗಿಗರು ಎರಡನ್ನೂ ಎರಡು ದಶಕಗಳಿಂದ ಬಳಸುತ್ತಿದ್ದಾರೆ. ಈ ಚರಿತ್ರೆಯನ್ನು ಸಾಮಾನ್ಯವಾಗಿ ಇಂಗ್ಲಿಷ್ ಬ್ಲಾಗುಗಳ ಅನುಭವದಿಂದ ಬರೆಯಲಾಗಿದೆ. ಕನ್ನಡ ಬ್ಲಾಗುಗಳ ಮಟ್ಟಿಗೆ ತಿರುವುಗಳು ಬೇರೆ ಕಡೆ ಇವೆ.

ರೆಲ್ ಗುಣ 1995ರ ಎಚ್‌ಟಿಎಂಎಲ್ 2.0 ನಿರೂಪಣೆಯಲ್ಲೇ ಇತ್ತು. 1998ರಲ್ಲಿ ಸ್ಟ್ಯಾನ್‌ಫರ್ಡ್‌ನ ಲ್ಯಾರಿ ಪೇಜ್ ಮತ್ತು ಸರ್ಗೆ ಬ್ರಿನ್ ಪೇಜ್‌ರ‍್ಯಾಂಕ್ ವಿಧಾನವನ್ನು ಪ್ರಕಟಿಸಿದ ಮೇಲೆ ಪ್ರತಿ ಕೊಂಡಿಯೂ ಒಂದು ಮತದಂತಾಯಿತು. ಮತಕ್ಕೆ ಬೆಲೆ ಬಂದೊಡನೆ ಬ್ಲಾಗುಗಳ ಪ್ರತಿಕ್ರಿಯೆ ಅಂಕಣಕ್ಕೆ ಜಾಹೀರಾತು ಕೊಂಡಿಗಳು ನುಗ್ಗಿದವು. 2005ರ ಜನವರಿ 18ರಂದು ಗೂಗಲ್ ರೆಲ್ ಗುಣಕ್ಕೆ ‘ನೋಫಾಲೋ’ ಎಂಬ ಮೌಲ್ಯವನ್ನು ಘೋಷಿಸಿತು, ಈ ಕೊಂಡಿಯನ್ನು ಮತವೆಂದು ಎಣಿಸಬೇಡ ಎಂಬುದು ಅದರ ಅರ್ಥ. ಯಾಹೂ ಮತ್ತು ಎಂಎಸ್‌ಎನ್ ಸರ್ಚ್ ಕೂಡ ಬೆಂಬಲಿಸಿದವು. ಬ್ಲಾಗು ನಡೆಸುವ ವ್ಯವಸ್ಥೆಗಳಾದ ವರ್ಡ್‌ಪ್ರೆಸ್, ಮೂವಬಲ್ ಟೈಪ್, ಬ್ಲಾಗರ್ ತಮ್ಮ ಪ್ರತಿಕ್ರಿಯೆಗಳಲ್ಲಿನ ಕೊಂಡಿಗಳಿಗೆಲ್ಲ ಇದನ್ನು ತಾವಾಗಿಯೇ ಅಂಟಿಸತೊಡಗಿದವು.

ನೋಫಾಲೋ ಹುಟ್ಟಿದ್ದು ಪ್ರತಿಕ್ರಿಯೆಗಳ ಕಸ ತಡೆಯಲು. ಹಣ ಪಡೆದು ಕೊಟ್ಟ ಕೊಂಡಿಗೂ ಅದನ್ನು ಹಾಕಬೇಕೆಂಬ ನಿಯಮ ಆಮೇಲಿನದು. ಎರಡೂ ಒಂದೇ ದಿನದ ನಿರ್ಧಾರವಲ್ಲ. ಇನ್ನು ‘ಡೂಫಾಲೋ’ ಎಂಬ ಮೌಲ್ಯ ಎಚ್‌ಟಿಎಂಎಲ್‌ನಲ್ಲಿ ಇಲ್ಲವೇ ಇಲ್ಲ. ನೋಫಾಲೋ ಇಲ್ಲದ ಸಾದಾ ಕೊಂಡಿಯನ್ನೇ ಜನ ಹಾಗೆ ಕರೆಯುತ್ತಾರೆ, ಅಷ್ಟೇ. ವಿಕಿಪೀಡಿಯದ ವಿಷಯದಲ್ಲೂ ಗೊಂದಲವಿದೆ. ಅದು 2007ರಲ್ಲಿ ನೋಫಾಲೋಗೆ ಬದಲಾಯಿತು ಎಂದು ಬರೆಯುವುದು ರೂಢಿ. ವಾಸ್ತವದಲ್ಲಿ ನೋಫಾಲೋವನ್ನು ಅಲ್ಲಿ ಅಳವಡಿಸಿದ್ದು 2005ರ ಜನವರಿಯಲ್ಲೇ. ಇಂಗ್ಲಿಷ್ ವಿಕಿಪೀಡಿಯದವರು ಮತ ಹಾಕಿ ಲೇಖನಗಳ ಮಟ್ಟಿಗೆ ಅದನ್ನು ತೆಗೆಸಿದ್ದರು, 2007ರ ಜನವರಿಯಲ್ಲಿ ಅದು ಮರಳಿ ಬಂತು. 2003ರಲ್ಲಿ ಆರಂಭವಾದ ಕನ್ನಡ ವಿಕಿಪೀಡಿಯವೂ ಅದೇ ಮೀಡಿಯಾವಿಕಿ ತಂತ್ರಾಂಶದ ಮೇಲೆ ನಡೆಯುತ್ತದೆ, ಅದರ ಹೊರಕೊಂಡಿಗಳಲ್ಲೂ ನೋಫಾಲೋ ಇದೆ. ಲೇಖನದ ಅಡಿಯಲ್ಲಿ ತಮ್ಮ ಬ್ಲಾಗಿನ ಕೊಂಡಿ ಸೇರಿಸಿದರೆ ಸರ್ಚ್‌ನಲ್ಲಿ ಮೇಲೆ ಬರಬಹುದೆಂಬ ನಂಬಿಕೆಗೆ ಹೀಗಾಗಿ ಆಧಾರವಿಲ್ಲ. ಓದುಗರು ಬರಬಹುದು, ಅದು ಬೇರೆ ಮಾತು.

2019ರ ಸೆಪ್ಟೆಂಬರ್‌ನಲ್ಲಿ ಗೂಗಲ್ ‘ಸ್ಪಾನ್ಸರ್ಡ್’ ಮತ್ತು ‘ಯುಜಿಸಿ’ ಎಂಬ ಇನ್ನೆರಡು ಮೌಲ್ಯಗಳನ್ನು ಸೇರಿಸಿತು. ಮೊದಲನೆಯದು ಹಣ ಪಡೆದ ಕೊಂಡಿಗೆ, ಎರಡನೆಯದು ಓದುಗರೇ ಹಾಕಿದ ಕೊಂಡಿಗೆ. ನೋಫಾಲೋ ಅಂದಿನಿಂದ ಕಟ್ಟಪ್ಪಣೆಯಾಗಿ ಉಳಿಯದೆ ಸುಳಿವು ಮಾತ್ರವಾಯಿತು. ಇದಕ್ಕೆ ಸಂಬಂಧವೇ ಇಲ್ಲದ ‘ನೋಓಪನರ್’ ಎಂಬ ಮೌಲ್ಯವನ್ನು ನೋಫಾಲೋ ಜೊತೆ ಬೆರೆಸುವುದೂ ಉಂಟು. ವರ್ಡ್‌ಪ್ರೆಸ್ 2017ರಲ್ಲಿ ಹೊಸ ಟ್ಯಾಬಿನಲ್ಲಿ ತೆರೆಯುವ ಕೊಂಡಿಗಳಿಗೆ ಅದನ್ನು ಸೇರಿಸತೊಡಗಿದಾಗ, ಸರ್ಚ್ ಸ್ಥಾನ ಕುಸಿಯುತ್ತದೆಂದು ಹೆದರಿದವರಿದ್ದರು. ಅದು ಸುರಕ್ಷತೆಗಾಗಿ ಇರುವ ಮೌಲ್ಯ, ಸರ್ಚ್‌ಗೆ ಅದರ ಹಂಗಿಲ್ಲ.

ಆಡ್‌ಆನ್‌ಗಳ ಕಥೆಯನ್ನು ಚಿಕ್ಕದಾಗಿ ಹೇಳಬಹುದು. 2000ದ ಡಿಸೆಂಬರ್‌ನಲ್ಲಿ ಬಂದ ಗೂಗಲ್ ಟೂಲ್‌ಬಾರ್ ಪೇಜ್‌ರ‍್ಯಾಂಕನ್ನು ಹಸಿರು ಪಟ್ಟಿಯಾಗಿ ತೋರಿಸುತ್ತಿತ್ತು. 2004ರ ಫೈರ್‌ಫಾಕ್ಸ್ ಯಾರು ಬೇಕಾದರೂ ಆಡ್‌ಆನ್ ಬರೆಯುವ ದಾರಿ ತೆರೆಯಿತು. ಸರ್ಚ್‌ಸ್ಟೇಟಸ್, ಎಸ್‌ಇಒ ಫಾರ್ ಫೈರ್‌ಫಾಕ್ಸ್‌ನಂಥವು ಬಂದವು. ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್ ಎಂಬ ಹೆಸರಿನ ಆಡ್‌ಆನ್‌ಗಳು ಎಲ್ಲರ ಕೈಗೆ ಸಿಕ್ಕಿದ್ದು 2010ರಲ್ಲಿ. ನೋಫಾಲೋ ತೋರಿಸುವ ಆಡ್‌ಆನ್‌ನ ತಿರುಳು ಬಲು ಸರಳ. ಪುಟದ ಕೊಂಡಿಗಳನ್ನೆಲ್ಲ ಓದಿ, ರೆಲ್ ಗುಣದಲ್ಲಿ ಆ ಪದ ಇರುವವುಗಳ ಸುತ್ತ ಬಣ್ಣದ ಗೆರೆ ಎಳೆದರೆ ಮುಗಿಯಿತು. ಪೇಜ್‌ರ‍್ಯಾಂಕಿನ ಸಾರ್ವಜನಿಕ ಅಂಕಿಗಳು 2013ರ ಡಿಸೆಂಬರ್ ನಂತರ ಹೊಸದಾಗಲಿಲ್ಲ, 2016ರಲ್ಲಿ ಕಣ್ಮರೆಯಾದವು. 2017ರ ನವೆಂಬರ್‌ನ ಫೈರ್‌ಫಾಕ್ಸ್ 57 ಹಳೆಯ ಬಗೆಯ ಆಡ್‌ಆನ್‌ಗಳನ್ನೆಲ್ಲ ಒಮ್ಮೆಗೇ ನಿಲ್ಲಿಸಿತು. ಹಳೆಯ ಕೈಪಿಡಿಗಳು ಹೆಸರಿಸುವ ಎಷ್ಟೋ ಸಾಧನಗಳು ಇಂದು ಸಿಗದಿರುವುದು ಇದರಿಂದಲೇ.

ಕನ್ನಡದ ಬರಹಗಾರರಿಗೆ ಇದೆಲ್ಲಕ್ಕಿಂತ ಮೊದಲು ಎದುರಾದದ್ದು ಲಿಪಿಯ ತೊಡಕು. ಯು. ಬಿ. ಪವನಜ ಅವರ ‘ವಿಶ್ವಕನ್ನಡ’ 1996ರಲ್ಲೇ ಜಾಲಕ್ಕೆ ಬಂದಿತ್ತು, ‘ಬರಹ’ ತಂತ್ರಾಂಶ 1998ರಲ್ಲಿ. ಆ ಕಾಲದ ತಾಣಗಳು ತಮ್ಮ ತಮ್ಮ ಫಾಂಟಿನ ಸಂಕೇತಗಳಲ್ಲಿ ಇದ್ದವು. ಓದುಗರಿಗೆ ಕನ್ನಡವಾಗಿ ಕಾಣುತ್ತಿದ್ದದ್ದು ಸರ್ಚ್ ಎಂಜಿನ್‌ಗೆ ಅರ್ಥವಿಲ್ಲದ ರೋಮನ್ ಅಕ್ಷರಗಳ ಸಾಲು. ವಿಂಡೋಸ್ ಎಕ್ಸ್‌ಪಿಯ ತುಂಗಾ ಫಾಂಟು ಮತ್ತು ಎಲ್ಲ ಲಿಪಿಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬಂದ ಮೇಲೆ, 2005ರ ‘ಸಂಪದ’ದಂಥ ತಾಣಗಳೊಂದಿಗೆ, ಕನ್ನಡ ಬರಹ ನಿಜವಾಗಿ ಹುಡುಕಲು ಸಿಗುವಂತಾಯಿತು. ಕನ್ನಡ ಬ್ಲಾಗುಗಳ ಮಟ್ಟಿಗೆ ಇದು ನೋಫಾಲೋಗಿಂತ ದೊಡ್ಡ ತಿರುವು.

ಜಾಲವಿಳಾಸದ (ಯುಆರ್‌ಎಲ್) ತೊಡಕು ಮಾತ್ರ ಉಳಿಯಿತು, ಅದರ ದಾಖಲೆ ತೀರ ಕಡಿಮೆ. ಗೂಗಲ್‌ನ ಬ್ಲಾಗರ್ ಸೇವೆ ಶೀರ್ಷಿಕೆಯಲ್ಲಿನ ರೋಮನ್ ಅಕ್ಷರಗಳಿಂದ ಮಾತ್ರ ವಿಳಾಸ ಕಟ್ಟುತ್ತಿತ್ತು. ಹೀಗಾಗಿ ಕನ್ನಡ ಶೀರ್ಷಿಕೆಯ ಬರಹಗಳಿಗೆಲ್ಲ ‘ಬ್ಲಾಗ್-ಪೋಸ್ಟ್’ ಎಂಬ ಒಂದೇ ಹೆಸರು, ಮುಂದೆ ಒಂದು ಅಂಕಿ. 2012ರಲ್ಲಿ ವಿಳಾಸವನ್ನು ಬರೆಯುವವರೇ ಆರಿಸುವ ಅವಕಾಶ ಬಂತು, ಆದರೆ ಅದೂ ರೋಮನ್ ಅಕ್ಷರ ಮತ್ತು ಅಂಕಿಗಳಿಗೆ ಸೀಮಿತ. ಕಲಘಟಗಿ ಎಂಬ ಊರಿನ ಹೆಸರನ್ನೇ ರೋಮನ್‌ನಲ್ಲಿ ಮೂರು ನಾಲ್ಕು ಬಗೆಯಲ್ಲಿ ಬರೆಯುವ ನಾಡಿನಲ್ಲಿ ಇದು ಸಣ್ಣ ತೊಂದರೆಯಲ್ಲ.

ವರ್ಡ್‌ಪ್ರೆಸ್ ಕನ್ನಡ ವಿಳಾಸವನ್ನು ಒಪ್ಪುತ್ತದೆ, ಆದರೆ ಬೇರೆ ಬೆಲೆ ತೆರಬೇಕು. ಧಾರವಾಡ ಜಿಲ್ಲೆ ಕಲಘಟಗಿ ತಾಲ್ಲೂಕಿನ ಬಮ್ಮಿಗಟ್ಟಿಯ ಹೆಸರನ್ನೇ ತೆಗೆದುಕೊಳ್ಳಬಹುದು. ಕಣ್ಣಿಗೆ ನಾಲ್ಕು ಅಕ್ಷರ. ಯೂನಿಕೋಡ್‌ನಲ್ಲಿ ಒತ್ತು, ಗುಣಿತ ಎಲ್ಲ ಸೇರಿ 10 ಸಂಕೇತ. ಒಂದೊಂದಕ್ಕೆ 3 ಬೈಟ್, ಒಂದು ಬೈಟನ್ನು ಶೇಕಡಾ ಚಿಹ್ನೆಯೊಂದಿಗೆ ಬರೆಯಲು 3 ಸ್ಥಾನ, ಅಲ್ಲಿಗೆ 90 ಸ್ಥಾನ. ವರ್ಡ್‌ಪ್ರೆಸ್ ಬರಹವೊಂದರ ವಿಳಾಸಕ್ಕೆ ಇಟ್ಟಿರುವುದು 200 ಸ್ಥಾನ. ‘ಬಮ್ಮಿಗಟ್ಟಿ ಕಲಘಟಗಿ ರಸ್ತೆ’ ಎಂಬ ಶೀರ್ಷಿಕೆಗೆ ಅಡ್ಡಗೆರೆಗಳೂ ಸೇರಿ 191 ಸ್ಥಾನ ಬೇಕು. ನಾಲ್ಕನೆಯ ಪದಕ್ಕೆ ಜಾಗವೇ ಇರುವುದಿಲ್ಲ. ಶೀರ್ಷಿಕೆ ಉದ್ದವಾದರೆ ಒತ್ತಕ್ಷರದ ನಡುವೆಯೇ ಕತ್ತರಿ ಬಿದ್ದು ವಿಳಾಸ ಅರೆ ಅಕ್ಷರದಲ್ಲಿ ನಿಲ್ಲಬಹುದು. ಇಂಥ ಕೊಂಡಿಯನ್ನು ವಾಟ್ಸ್ಆ್ಯಪ್‌ಗೆ ಅಂಟಿಸಿದರೆ ಸಾಮಾನ್ಯವಾಗಿ ಶೇಕಡಾ ಚಿಹ್ನೆಗಳ ಉದ್ದನೆಯ ಸಾಲು ಬೀಳುತ್ತದೆ, ವಿಳಾಸದಲ್ಲಿ ಊರಿನ ಹೆಸರು ಕಾಣುವುದೇ ಇಲ್ಲ. ಹಾಗೆಂದು ‘ವಿಳಾಸ ಇಂಗ್ಲಿಷಿನಲ್ಲೇ ಇರಬೇಕು, ಇಲ್ಲದಿದ್ದರೆ ಗೂಗಲ್ ಓದದು’ ಎಂಬ ಸಲಹೆ ತಪ್ಪು. ಓದುಗರ ಭಾಷೆಯ ಪದಗಳನ್ನೇ ವಿಳಾಸದಲ್ಲಿ ಬಳಸಬಹುದೆಂದು ಗೂಗಲ್‌ನ ಮಾರ್ಗದರ್ಶಿ ಹೇಳುತ್ತದೆ.

ಹಣದ ಒತ್ತಡವೂ ಕನ್ನಡಕ್ಕೆ ತಡವಾಗಿ ಬಂತು. ಗೂಗಲ್‌ನ ಆಡ್‌ಸೆನ್ಸ್ ಜಾಹೀರಾತು ಹಿಂದಿಗೆ 2014ರ ಡಿಸೆಂಬರ್‌ನಲ್ಲಿ ಸಿಕ್ಕಿತು, ಕನ್ನಡಕ್ಕೆ ಇನ್ನೂ ಹಲವು ವರ್ಷಗಳ ಮೇಲೆ. ಇಂಗ್ಲಿಷ್ ಬ್ಲಾಗುಗಳಲ್ಲಿ ಕೊಂಡಿ ವ್ಯಾಪಾರ ಜೋರಾಗಿದ್ದ ವರ್ಷಗಳಲ್ಲಿ ಕನ್ನಡ ಬ್ಲಾಗುಗಳು ಒಂದಕ್ಕೊಂದು ಕೊಂಡಿ ಕೊಡುತ್ತಿದ್ದದ್ದು ಮುಖ್ಯವಾಗಿ ಸ್ನೇಹ ಮತ್ತು ಓದಿನ ಮೇಲೆ ಎಂಬುದಕ್ಕೆ ಇದೊಂದು ಕಾರಣವಾಗಿರಬೇಕು.

ಕೊನೆಯ ತಿರುವು ಮೊಬೈಲಿನದು. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಮೊಬೈಲ್ ಸೇವೆ ಬಂದ ಮೇಲೆ ಧಾರವಾಡ ಜಿಲ್ಲೆಯ ನವಲಗುಂದ, ಕುಂದಗೋಳ, ಕಲಘಟಗಿಯಂಥ ತಾಲ್ಲೂಕುಗಳ ಹಳ್ಳಿಗಳಲ್ಲಿ ಹೆಚ್ಚಿನವರಿಗೆ ಅಂತರಜಾಲವೆಂದರೆ ಫೋನೇ ಆಯಿತು. ಆಂಡ್ರಾಯ್ಡ್ ಫೋನಿನ ಕ್ರೋಮ್‌ನಲ್ಲಿ ಎಕ್ಸ್‌ಟೆನ್ಶನ್‌ಗಳೇ ಇಲ್ಲ. ಕಂಪ್ಯೂಟರ್ ಮುಂದಿಟ್ಟುಕೊಂಡು ಬರೆದ, ಸರ್ಚ್‌ನಲ್ಲಿ ಮೇಲೆ ಬರುವ ‘ಎಸ್‌ಇಒ’ ಪಾಠಗಳು ಫೋನಿನಲ್ಲೇ ಬರೆದು, ಫೋನಿನಲ್ಲೇ ಪ್ರಕಟಿಸುವವರಿಗೆ ಅರ್ಧಕ್ಕೇ ನಿಲ್ಲುತ್ತವೆ. ಕ್ರೋಮ್‌ನಲ್ಲಿ ಅವರಿಗಿರುವ ದಾರಿ ವಿಳಾಸಪಟ್ಟಿಯಲ್ಲಿ ‘ವ್ಯೂ-ಸೋರ್ಸ್’ ಎಂಬ ಆದೇಶವನ್ನು ಇಂಗ್ಲಿಷಿನಲ್ಲಿ ಬರೆದು ವಿಸರ್ಗದಂಥ ಎರಡು ಚುಕ್ಕೆ ಇಟ್ಟು ಪುಟದ ವಿಳಾಸ ಸೇರಿಸುವುದು. ಆಗ ತೆರೆಯುವ ಮೂಲ ಸಂಕೇತದಲ್ಲಿ ನೋಫಾಲೋ ಇದೆಯೇ ಎಂದು ಹುಡುಕಬಹುದು. 2023ರ ಡಿಸೆಂಬರ್‌ನಲ್ಲಿ ಆಂಡ್ರಾಯ್ಡ್‌ನ ಫೈರ್‌ಫಾಕ್ಸ್ ಆಡ್‌ಆನ್‌ಗಳಿಗೆ ಬಾಗಿಲು ತೆರೆದ ಮೇಲೆ, ಕೊಂಡಿ ಪರೀಕ್ಷಕಗಳು ಫೋನಿಗೂ ಬರಲು ದಾರಿಯಾಗಿದೆ.