ಮೈಸೂರು ನಗೆಟ್ಸ್ ಎಕ್ಸ್‌ಟ್ರಾ ಬೋಲ್ಡ್

ಭಾರತದ ವಿಶೇಷ ಕಾಫಿಗಳಲ್ಲಿ ಅತಿ ವಿರಳವಾದ ಅರೇಬಿಕಾ ದರ್ಜೆ. ಮೈಸೂರು ಸಂಸ್ಥಾನದ ಹೆಸರು ಹೊತ್ತ ಇದು ಚಿಕ್ಕಮಗಳೂರು, ಬಾಬಾಬುಡನ್‌ಗಿರಿ, ಕೊಡಗು, ಬಿಳಿಗಿರಿ ಹಾಗೂ ತಮಿಳುನಾಡಿನ ಶೆವರಾಯ್ ಬೆಟ್ಟಗಳ ನೆರಳು ತೋಟಗಳಲ್ಲಿ ಬೆಳೆಯುತ್ತದೆ. ಜಮೈಕಾ ದ್ವೀಪದ ಬ್ಲೂ ಮೌಂಟನ್ ಕಾಫಿಯನ್ನು ಬೆಳೆದ ಬೆಟ್ಟದಿಂದ ಗುರುತಿಸಿದರೆ, ನಗೆಟ್ಸ್‌ಗೆ ಬೀಜದ ಗಾತ್ರ ಮತ್ತು ಸಂಸ್ಕರಣೆಯೇ ಗುರುತು. ಮಾಗಿದ ಕೆಂಪು ಹಣ್ಣನ್ನಷ್ಟೇ ಕೊಯ್ದು, ಪಲ್ಪರ್‌ನಲ್ಲಿ ಸಿಪ್ಪೆ ಬಿಡಿಸಿ, ಹುದುಗಿಸಿ ಅಂಟು ತೊಳೆದು, ಕಣದಲ್ಲಿ ನಿಧಾನವಾಗಿ ಒಣಗಿಸುತ್ತಾರೆ. ಹೊಟ್ಟು ತೆಗೆದ ಮೇಲೆ 7.5 ಮಿ.ಮೀ. ರಂಧ್ರದ ಜರಡಿಯ ಮೇಲೆ ನಿಲ್ಲುವ ದಪ್ಪ ಬೀಜಗಳನ್ನೇ ಆರಿಸುವುದರಿಂದ ಫಸಲಿನಲ್ಲಿ ಇದರ ಪಾಲು ತೀರಾ ಸಣ್ಣದು. ಬೀಜದ ಬಣ್ಣ ನೀಲಿ ಛಾಯೆಯ ಹಸಿರು. ಕುಡಿದಾಗ ತುಂಬು ಪರಿಮಳ, ಹಿತವಾದ ಹುಳಿ, ಮಸಾಲೆಯ ಸಣ್ಣ ಸುಳಿವು. ಚಿಕೋರಿ ಬೆರೆಸಿದರೆ ಇವೆಲ್ಲ ಮುಚ್ಚಿಹೋಗುತ್ತವೆ. ಹಾಲಿಲ್ಲದೆ ಕುಡಿಯುವುದೇ ಲೇಸು.